ನ್ಯಾಯಾಧೀಶರ ಪಕ್ಷಪಾತಕ್ಕೆ ತಕರಾರು: ಇರುವ ದಾರಿಗಳು ವಕೀಲರಿಗೆ ಎಷ್ಟು ಸುರಕ್ಷಿತ? ಒಂದು ವಿಮರ್ಶೆ

ಕಕ್ಷಿದಾರ ಎದುರು ಕುಳಿತು “ಸಾರ್, ಈ ಕೋರ್ಟಲ್ಲಿ ನಮಗೆ ನ್ಯಾಯ ಸಿಗಲ್ಲ, ಬೇರೆ ಕಡೆ ಹಾಕಿಸಿ” ಅನ್ನುವುದು ಯಾವ ವಕೀಲರ ಕಚೇರಿಗೂ ಹೊಸದಲ್ಲ. ಬಹುಪಾಲು ಅದು ಒಂದು ಮಧ್ಯಂತರ ಆದೇಶ ಕೈತಪ್ಪಿದ ಬೇಸರ. ಆದರೆ ಕೆಲವು ಸಲ ಹಿಂದೆ ನಿಜವಾದ ಕಾರಣ ಇರುತ್ತದೆ. ನ್ಯಾಯಾಧೀಶರು ವಕೀಲರಾಗಿದ್ದಾಗ ಎದುರು ಪಾರ್ಟಿಯ ಪರ ವಾದಿಸಿರುತ್ತಾರೆ, ಹತ್ತಿರದ ಸಂಬಂಧಿಕರೊಬ್ಬರು ವ್ಯಾಜ್ಯದಲ್ಲಿರುತ್ತಾರೆ, ಇಲ್ಲವೇ ಸಾಕ್ಷ್ಯ ಮುಗಿಯುವ ಮೊದಲೇ ತೆರೆದ ಕೋರ್ಟಿನಲ್ಲಿ ತೀರ್ಪಿನಂಥ ಮಾತು ಬಂದುಬಿಟ್ಟಿರುತ್ತದೆ. ಇಂಥ ಹೊತ್ತಿಗೆಂದೇ ನಮ್ಮ ಕಾನೂನು ಮೂರು ಬಾಗಿಲು ಇಟ್ಟಿದೆ: ಪ್ರಕರಣದಿಂದ ಹಿಂದೆ ಸರಿಯುವಂತೆ ನ್ಯಾಯಾಧೀಶರನ್ನೇ ಕೇಳುವುದು, ವರ್ಗಾವಣೆ ಅರ್ಜಿ ಹಾಕುವುದು, ಆಡಳಿತದ ಕಡೆ ದೂರು ಕೊಡುವುದು.

ಸಾರ್ವಜನಿಕರು ಫೀ ಕೊಟ್ಟು ಪಡೆಯುವ ಸೇವೆಯನ್ನು ಹೇಗೆ ಅಳೆಯುತ್ತೇವೋ ಹಾಗೆಯೇ ಈ ಮೂರನ್ನೂ ಇಲ್ಲಿ ಅಳೆದಿದೆ: ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ, ಬಳಸಿದವರಿಗೆ ಏನಾಗುತ್ತದೆ. ಅಳತೆ ಕಕ್ಷಿದಾರನ ಕಡೆಯಿಂದಲ್ಲ, ಅರ್ಜಿಗೆ ಸಹಿ ಹಾಕುವ ವಕೀಲರ ಕಡೆಯಿಂದ. ಕಕ್ಷಿದಾರನಿಗೆ ಇದು ಒಂದು ಪ್ರಕರಣ. ವಕೀಲರು ನಾಳೆ ಬೆಳಿಗ್ಗೆ ಇನ್ನೊಂದು ಕಡತ ಹಿಡಿದು ಅದೇ ಪೀಠದ ಮುಂದೆ ನಿಲ್ಲಬೇಕು. ನಮ್ಮ ತೀರ್ಮಾನ ಮೊದಲೇ ಹೇಳುವುದಾದರೆ, ಕಕ್ಷಿದಾರನಿಗೆ ಐದಕ್ಕೆ ಮೂರು ಅಂಕ, ವಕೀಲರಿಗೆ ಒಂದೂವರೆ. ಅಂಕ ಕಳೆದದ್ದು ಒಂದೇ ದೋಷಕ್ಕೆ: ತಕರಾರು ಯಾರ ಮೇಲೋ ಅವರೇ ಅದನ್ನು ತೀರ್ಮಾನಿಸುತ್ತಾರೆ, ತಕರಾರು ಎತ್ತಿದವರನ್ನು ಶಿಕ್ಷಿಸುವ ಅಧಿಕಾರವೂ ಅವರ ಕೈಯಲ್ಲೇ ಇರುತ್ತದೆ.

ಹಿಂದೆ ಸರಿಯುವಂತೆ ಕೋರುವುದು

ಇದಕ್ಕೆ ನಿಗದಿತ ನಮೂನೆ ಇಲ್ಲ. ತಾನೇ ಪಕ್ಷಗಾರನಾದ ಅಥವಾ ಸ್ವಂತ ಹಿತಾಸಕ್ತಿ ಇರುವ ಪ್ರಕರಣವನ್ನು ನ್ಯಾಯಾಧೀಶರು ವಿಚಾರಣೆ ಮಾಡಬಾರದು ಎಂದು ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 525ನೇ ಕಲಂ ಹೇಳುತ್ತದೆ. ಉಳಿದದ್ದೆಲ್ಲ ತೀರ್ಪುಗಳಿಂದ ಬೆಳೆದು ಬಂದ ಕಾನೂನು. ಅದರಲ್ಲಿ ವಕೀಲರಿಗೆ ಹೆಚ್ಚು ಉಪಯೋಗಕ್ಕೆ ಬರುವುದು 1987ರ ರಂಜಿತ್ ಠಾಕೂರ್ ಪ್ರಕರಣ. ನ್ಯಾಯಾಧೀಶರ ಮನಸ್ಸಿನಲ್ಲಿ ಪಕ್ಷಪಾತ ಇತ್ತೇ ಎಂದು ಸಾಬೀತು ಮಾಡಬೇಕಾಗಿಲ್ಲ, ಪಕ್ಷಗಾರನ ಮನಸ್ಸಿನಲ್ಲಿ ಹುಟ್ಟಿದ ಅಂಜಿಕೆ ಸಮಂಜಸವೇ ಎಂಬುದಷ್ಟೇ ಪ್ರಶ್ನೆ ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ಅರ್ಜಿಯಲ್ಲಿ ಬಳಸುವ ಪ್ರತಿ ಕ್ರಿಯಾಪದವೂ ಈ ಅಳತೆಗೆ ಹೊಂದಬೇಕು. “ಮಾನ್ಯ ನ್ಯಾಯಾಧೀಶರು ಎದುರುದಾರರ ಪರ ವಾಲಿದ್ದಾರೆ” ಎಂದು ಬರೆದರೆ ಅದು ಆರೋಪ, ಸಾಬೀತಿನ ಹೊರೆ ನಿಮ್ಮ ತಲೆ ಮೇಲೆ. “ಇಂಥ ತಾರೀಕಿನ ಇಂಥ ಸಂಗತಿಯಿಂದ ಅರ್ಜಿದಾರನಲ್ಲಿ ಅಂಜಿಕೆ ಉಂಟಾಗಿದೆ” ಎಂದು ಬರೆದರೆ ಕಾನೂನು ಕೇಳಿದ್ದನ್ನಷ್ಟೇ ಹೇಳಿದಂತಾಯಿತು. ಒಂದು ವಾಕ್ಯದ ಈ ವ್ಯತ್ಯಾಸ ಎಷ್ಟೋ ನ್ಯಾಯಾಂಗ ನಿಂದನೆ ನೋಟಿಸುಗಳನ್ನು ತಪ್ಪಿಸಬಲ್ಲದು.

ಆಧಾರಕ್ಕೆ ಇನ್ನೆರಡು ದಾಖಲೆಗಳಿವೆ. 1997ರ ಮೇ 7ರಂದು ಸುಪ್ರೀಂ ಕೋರ್ಟಿನ ಪೂರ್ಣ ಸಭೆ ಒಪ್ಪಿದ ನ್ಯಾಯಾಂಗ ಜೀವನದ ಮೌಲ್ಯಗಳ ಪಟ್ಟಿ ಮೊದಲನೆಯದು. ಹತ್ತಿರದ ಬಂಧು ಅಥವಾ ಸ್ನೇಹಿತರ ಪ್ರಕರಣ ಕೇಳಬಾರದು, ಷೇರು ಇರುವ ಕಂಪನಿಯ ಪ್ರಕರಣವಾದರೆ ಅದನ್ನು ಬಹಿರಂಗಪಡಿಸಿ ಯಾರೂ ಆಕ್ಷೇಪಿಸದಿದ್ದರೆ ಮಾತ್ರ ಕೇಳಬೇಕು ಎಂದು ಅದರಲ್ಲಿದೆ. ಎರಡನೆಯದು ನಮ್ಮ ಊರಿನ ಹೆಸರಿನದೇ. 2001ರಲ್ಲಿ ಬೆಂಗಳೂರಿನಲ್ಲಿ ಕರಡು ತಯಾರಾಗಿ, 2002ರಲ್ಲಿ ಹೇಗ್‌ನಲ್ಲಿ ಅಂತಿಮಗೊಂಡ ‘ಬೆಂಗಳೂರು ತತ್ವಗಳು’ ನ್ಯಾಯಾಧೀಶರು ಯಾವಾಗ ಪ್ರಕರಣದಿಂದ ದೂರ ಉಳಿಯಬೇಕು ಎಂದು ವಿವರವಾಗಿ ಹೇಳುತ್ತವೆ. ಜಗತ್ತಿನ ಎಷ್ಟೋ ದೇಶಗಳ ನ್ಯಾಯಾಧೀಶರ ನೀತಿಸಂಹಿತೆಗಳು ಇವುಗಳನ್ನು ನೋಡಿಕೊಂಡು ಬರೆದಂಥವು. ಬೆಂಗಳೂರಿನ ಅರ್ಜಿಗಳಲ್ಲೇ ಇವುಗಳ ಉಲ್ಲೇಖ ಇಷ್ಟು ಕಡಿಮೆ ಇರುವುದು ಬೇಸರದ ಸಂಗತಿ.

ಈ ಬಾಗಿಲು ಚೆನ್ನಾಗಿ ಕೆಲಸ ಮಾಡುವುದು ಸದ್ದಿಲ್ಲದೆ ಬಳಸಿದಾಗ. ಪ್ರಕರಣ ಬೋರ್ಡಿಗೆ ಬಂದ ಮೊದಲ ದಿನವೇ, ವಾದ ಶುರುವಾಗುವ ಮುನ್ನ, ಎದುರು ವಕೀಲರಿಗೆ ತಿಳಿಸಿ, ದಾಖಲೆ ಕೈಯಲ್ಲಿಟ್ಟುಕೊಂಡು “ತಾವು ಹಿಂದೆ ಈ ಸಂಸ್ಥೆಯ ಪರ ಹಾಜರಾಗಿದ್ದು ಆದೇಶದ ಪ್ರತಿಯಲ್ಲಿದೆ” ಎಂದು ಒಂದೇ ವಾಕ್ಯದಲ್ಲಿ ಗಮನಕ್ಕೆ ತಂದರೆ ‘ನಾಟ್ ಬಿಫೋರ್ ಮಿ’ (ನನ್ನ ಮುಂದೆ ಬೇಡ) ಎಂದು ಬರೆದು ಕಡತ ಮುಖ್ಯ ನ್ಯಾಯಮೂರ್ತಿಗಳ ಬಳಿಗೆ ಹೋಗಿಬಿಡುತ್ತದೆ. ಎಷ್ಟೋ ನ್ಯಾಯಮೂರ್ತಿಗಳು ಹೇಳುವ ಮೊದಲೇ ಸರಿಯುತ್ತಾರೆ. ಅವರ ಬಗ್ಗೆ ಸುದ್ದಿ ಆಗುವುದಿಲ್ಲ, ಆಗಬೇಕಾದ್ದೂ ಇಲ್ಲ.

ತಡ ಮಾಡಿದರೆ ಹಕ್ಕೇ ಹೋಗುತ್ತದೆ. 1957ರ ಮಾಣಕ್ ಲಾಲ್ ಪ್ರಕರಣ ವಕೀಲರೊಬ್ಬರದ್ದೇ. ಅವರ ದುರ್ನಡತೆಯ ವಿಚಾರಣೆ ಮಾಡಿದ ಮಂಡಳಿಯ ಅಧ್ಯಕ್ಷರು ಹಿಂದೆ ದೂರುದಾರರ ಪರ ಹಾಜರಾಗಿದ್ದವರು. ಮಂಡಳಿಯ ರಚನೆಯಲ್ಲಿ ದೋಷವಿದೆ ಎಂದು ಸುಪ್ರೀಂ ಕೋರ್ಟ್ ಒಪ್ಪಿತು, ಆದರೆ ಗೊತ್ತಿದ್ದೂ ಆರಂಭದಲ್ಲಿ ಆಕ್ಷೇಪಿಸಲಿಲ್ಲವಾದ್ದರಿಂದ ಆ ಹಕ್ಕನ್ನು ಬಿಟ್ಟುಕೊಟ್ಟಂತಾಯಿತು ಎಂದು ತಕರಾರನ್ನು ತಳ್ಳಿಹಾಕಿತು. ಹಾಗಾಗಿ ಸಂಗತಿ ಯಾವ ತಾರೀಕಿಗೆ, ಹೇಗೆ ತಿಳಿಯಿತು ಎಂಬುದು ಅಫಿಡವಿಟ್ಟಿನಲ್ಲಿ ಇರಲೇಬೇಕು. ಅದಿಲ್ಲದ ಅರ್ಜಿ ಅರ್ಧ ಬರೆದಂತೆ.

ಇನ್ನು ದೋಷ. ಕೋರಿಕೆಯನ್ನು ತೀರ್ಮಾನಿಸುವವರು ಅದೇ ನ್ಯಾಯಮೂರ್ತಿ. 2019ರ ಅಕ್ಟೋಬರ್ 23ರಂದು ಭೂಸ್ವಾಧೀನದ ಇಂದೋರ್ ಅಭಿವೃದ್ಧಿ ಪ್ರಾಧಿಕಾರ ಪ್ರಕರಣದಲ್ಲಿ ನ್ಯಾಯಮೂರ್ತಿ ಅರುಣ್ ಮಿಶ್ರಾ ತಮ್ಮ ಮೇಲಿನ ಆಕ್ಷೇಪವನ್ನು ತಾವೇ ತಿರಸ್ಕರಿಸಿದರು. ಹಾಗೆ ಮಾಡಲು ಕಾನೂನಿನಲ್ಲಿ ಅಡ್ಡಿ ಇಲ್ಲ. ನ್ಯಾಯಾಧೀಶರ ಹೆಸರಿನಲ್ಲಿ ಲಂಚ ಎಂಬ ಆರೋಪದ ತನಿಖೆ ಕೋರಿದ್ದ ಅರ್ಜಿಯ ಮೇಲಿನ 2017ರ ನವೆಂಬರ್ 14ರ ಕಾಮಿನಿ ಜೈಸ್ವಾಲ್ ತೀರ್ಪಿನಲ್ಲಿ ಹಿಂದೆ ಸರಿಯಿರಿ ಎಂಬ ಬೇಡಿಕೆಯನ್ನೇ ಬೇಕಾದ ಪೀಠ ಹುಡುಕುವ ಯತ್ನ ಎಂದು ಕರೆದು, ನಡತೆ ನಿಂದನೆಯ ಸ್ವರೂಪದ್ದು ಎಂದು ಹೇಳಿ, ಕ್ರಮ ಮಾತ್ರ ಕೈಗೊಳ್ಳದೆ ಬಿಡಲಾಯಿತು. ಅದೇ ವಿಷಯದ ಇನ್ನೊಂದು ಅರ್ಜಿ ಹಾಕಿದ್ದ ಸಂಘಟನೆಗೆ ಮುಂದಿನ ತಿಂಗಳು 25 ಲಕ್ಷ ರೂಪಾಯಿ ದಂಡ ಬಿತ್ತು. 2021ರ ಜುಲೈ 7ರಂದು ಕಲ್ಕತ್ತಾ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಕೌಶಿಕ್ ಚಂದಾ ಮಮತಾ ಬ್ಯಾನರ್ಜಿಯವರ ಚುನಾವಣಾ ಅರ್ಜಿಯಿಂದ ಹಿಂದೆ ಸರಿದರು. ಕೇಳಿದ್ದು ಸಿಕ್ಕಿತು. ಆದರೆ ಕೇಳಿದ ರೀತಿ ಸರಿಯಿಲ್ಲ ಎಂದು ಅರ್ಜಿದಾರರ ಮೇಲೆ 5 ಲಕ್ಷ ರೂಪಾಯಿ ಖರ್ಚು ಹೇರಿದರು. ಕೋರಿಕೆ ಈಡೇರಿದರೂ ದಂಡ ಕಟ್ಟಬೇಕಾಗಬಹುದು ಎಂಬುದನ್ನು ಕಕ್ಷಿದಾರನಿಗೆ ಮೊದಲೇ ಹೇಳಿ.

ಇದರ ಪಕ್ಕದಲ್ಲಿ ಇನ್ನೊಂದು ಪ್ರಕರಣ ಇಟ್ಟು ನೋಡಬೇಕು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರ ಮೇಲೆ ವಿಚಾರಣಾ ಸಮಿತಿ ನೇಮಕವಾದಾಗ, ಸಮಿತಿಯ ಸದಸ್ಯ ಹಿರಿಯ ವಕೀಲ ಪಿ.ಪಿ. ರಾವ್ ತಮಗೆ ವಿರುದ್ಧವಾಗಿದ್ದಾರೆ ಎಂದು ದಿನಕರನ್ ಅವರೇ ಸುಪ್ರೀಂ ಕೋರ್ಟಿಗೆ ಹೋದರು. ತಕರಾರು ತಡವಾಗಿ ಬಂದಿದೆ ಎಂದು 2011ರಲ್ಲಿ ಕೋರ್ಟ್ ಹೇಳಿತು. ಆದರೂ ಸಂಶಯಕ್ಕೆ ಎಡೆ ಬೇಡ ಎಂದು ಬೇರೆ ನ್ಯಾಯಶಾಸ್ತ್ರಜ್ಞರನ್ನು ಹೆಸರಿಸುವಂತೆ ಸೂಚಿಸಿತು. ಅದು ಸರಿಯಾದ ಕ್ರಮ. ತಕರಾರು ಎತ್ತಿದವರಿಗೆ ಶಿಕ್ಷೆಯಾಗಲಿಲ್ಲ, ತೀರ್ಮಾನಿಸಿದ್ದು ಮೂರನೆಯವರು. ವಕೀಲರು ಕೇಳುತ್ತಿರುವುದೂ ಅಷ್ಟನ್ನೇ.

ವರ್ಗಾವಣೆ ಅರ್ಜಿ: ಸಹಿಯ ಬೆಲೆ

ಸಿವಿಲ್ ಪ್ರಕರಣವಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಡಿ ಜಿಲ್ಲಾ ನ್ಯಾಯಾಲಯ ಅಥವಾ ಹೈಕೋರ್ಟ್, ರಾಜ್ಯದಿಂದ ರಾಜ್ಯಕ್ಕಾದರೆ 25ನೇ ಕಲಮಿನಡಿ ಸುಪ್ರೀಂ ಕೋರ್ಟ್. ಕ್ರಿಮಿನಲ್ ಆದರೆ ಹೊಸ ಸಂಹಿತೆಯ 446, 447, 448ನೇ ಕಲಮುಗಳು ಕ್ರಮವಾಗಿ ಸುಪ್ರೀಂ ಕೋರ್ಟ್, ಹೈಕೋರ್ಟ್, ಸೆಷನ್ಸ್ ಕೋರ್ಟಿನವು. ಇಲ್ಲಿ ಪದೇ ಪದೇ ಆಗುವ ತಪ್ಪು ಒಂದಿದೆ: ಒಂದೇ ಸೆಷನ್ಸ್ ವಿಭಾಗದೊಳಗಿನ ವರ್ಗಾವಣೆಗೆ ನೇರ ಹೈಕೋರ್ಟಿಗೆ ಹೋಗುವಂತಿಲ್ಲ. ಮೊದಲು ಸೆಷನ್ಸ್ ನ್ಯಾಯಾಧೀಶರಲ್ಲಿ ಕೇಳಿ, ಅಲ್ಲಿ ತಿರಸ್ಕೃತವಾದ ಆದೇಶದ ನಕಲು ಲಗತ್ತಿಸಬೇಕು. ಆರೋಪಿ ಕಡೆಯಿಂದ ಅರ್ಜಿಯಾದರೆ ಸರ್ಕಾರಿ ಅಭಿಯೋಜಕರಿಗೆ ಕನಿಷ್ಠ 24 ಗಂಟೆ ಮೊದಲು ಲಿಖಿತ ನೋಟಿಸು ಕೊಡಬೇಕು. ಎರಡರಲ್ಲಿ ಒಂದು ತಪ್ಪಿದರೂ ಅರ್ಜಿ ತಾಂತ್ರಿಕ ಕಾರಣಕ್ಕೆ ಬೀಳುತ್ತದೆ. ಬಿದ್ದ ಅರ್ಜಿಯಲ್ಲಿರುವ ಮಾತುಗಳು ಮಾತ್ರ ಕಡತದಲ್ಲಿ ಉಳಿಯುತ್ತವೆ, ಮತ್ತು ಮೂಲ ಪ್ರಕರಣ ಅದೇ ನ್ಯಾಯಾಧೀಶರ ಮುಂದೆ ಮುಂದುವರಿಯುತ್ತದೆ.

ಈ ಬಾಗಿಲಿನ ಒಳ್ಳೆಯ ಅಂಶವೆಂದರೆ ತೀರ್ಮಾನಿಸುವವರು ಬೇರೆಯವರು. ಅದಕ್ಕೇ ಇದಕ್ಕೆ ಹೆಚ್ಚು ಅಂಕ. ಅಪಾಯ ಇರುವುದು ಅರ್ಜಿಯ ಕೊನೆಯ ಪುಟದಲ್ಲಿ, ವಕೀಲರ ಸಹಿ ಇರುವಲ್ಲಿ.

ನಾಗಪುರ ಹೈಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಮೇಲೆ ಪಕ್ಷಪಾತದ ಆರೋಪ ಹೊರಿಸಿದ ವರ್ಗಾವಣೆ ಅರ್ಜಿಗೆ ಇಬ್ಬರು ವಕೀಲರು ಸಹಿ ಹಾಕಿದ್ದರು. ಎಂ.ವೈ. ಷರೀಫ್ ಪ್ರಕರಣ ಎಂದೇ ಅದು ಪ್ರಸಿದ್ಧ, ವರದಿಯಾದದ್ದು 1955ರಲ್ಲಿ. ಆಧಾರ ಇದೆಯೇ ಎಂದು ತಾನೇ ತಕ್ಕಮಟ್ಟಿಗೆ ಖಚಿತಪಡಿಸಿಕೊಳ್ಳದೆ ಕೋರ್ಟಿನ ಗೌರವಕ್ಕೆ ಕುಂದು ತರುವ ಅರ್ಜಿಗೆ ಸಹಿ ಹಾಕಿದ ವಕೀಲರೂ ನಿಂದನೆಯ ಅಪರಾಧಿಯೇ, ಕಕ್ಷಿದಾರ ಹೇಳಿದ್ದಕ್ಕೆ ಬರೆದೆ ಎಂಬುದು ರಕ್ಷಣೆಯಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ವಕೀಲರ ಬೇಷರತ್ ಕ್ಷಮೆಯನ್ನು ಕೊನೆಗೆ ಒಪ್ಪಿಕೊಂಡಿತು. ಎಪ್ಪತ್ತು ವರ್ಷ ಕಳೆದರೂ ಈ ತೀರ್ಪಿನ ಹರಿತ ಕಡಿಮೆಯಾಗಿಲ್ಲ. 2025ರ ಜುಲೈಯಲ್ಲಿ ತೆಲಂಗಾಣ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರ ಮೇಲೆ ಪಕ್ಷಪಾತ ಆರೋಪಿಸಿ ಸುಪ್ರೀಂ ಕೋರ್ಟಿಗೆ ವರ್ಗಾವಣೆ ಅರ್ಜಿ ಬಂದಾಗ, ಅರ್ಜಿದಾರರ ಜೊತೆಗೆ ವಕೀಲರಿಗೂ ನಿಂದನೆ ನೋಟಿಸು ಹೋಯಿತು. ಅರ್ಜಿ ಹಿಂಪಡೆಯಲು ಕೇಳಿದರೂ ಬಿಡಲಿಲ್ಲ. ಆಗಸ್ಟ್ 11ರಂದು, ಅದೇ ಹೈಕೋರ್ಟ್ ನ್ಯಾಯಮೂರ್ತಿಯ ಮುಂದೆ ಹೋಗಿ ಕ್ಷಮೆ ಕೇಳಿ ಎಂಬ ಆದೇಶವಾಯಿತು. ಅವರು ಕ್ಷಮೆ ಒಪ್ಪಿಕೊಂಡ ಮೇಲೆ ಪ್ರಕರಣ ಮುಗಿಯಿತು.

ನಮ್ಮ ಅಭಿಪ್ರಾಯ ನೇರವಾಗಿ ಹೇಳುತ್ತೇವೆ. ಆಧಾರವಿಲ್ಲದೆ ಕೆಸರೆರಚುವ ಅರ್ಜಿಗಳು ಇವೆ, ಅವುಗಳಿಂದ ಕೆಳ ಹಂತದ ಪ್ರಾಮಾಣಿಕ ನ್ಯಾಯಾಧೀಶರು ನಿಜವಾಗಿ ನೋಯುತ್ತಾರೆ. ತಾಲ್ಲೂಕು ಕೋರ್ಟಿನ ಸಿವಿಲ್ ನ್ಯಾಯಾಧೀಶರಿಗೆ ತಮ್ಮ ಮೇಲಿನ ಆರೋಪಕ್ಕೆ ಪತ್ರಿಕೆಯಲ್ಲಿ ಉತ್ತರ ಬರೆಯುವ ಅವಕಾಶವೂ ಇಲ್ಲ. ಸಹಿ ಹಾಕುವ ಮುನ್ನ ಪರಿಶೀಲಿಸಿ ಎಂಬ ನಿಯಮ ನ್ಯಾಯವಾದದ್ದೇ. ತೊಂದರೆ ಇರುವುದು ಪರಿಶೀಲನೆ ಎಷ್ಟಿದ್ದರೆ ಸಾಕು ಎಂದು ಎಲ್ಲೂ ಬರೆಯದೆ ಇರುವುದರಲ್ಲಿ. ಆ ಅನಿಶ್ಚಿತತೆಯಿಂದ ಕಾರಣ ಗಟ್ಟಿ ಇರುವ ಅರ್ಜಿಗೂ ಸಹಿ ಹಾಕಲು ವಕೀಲರು ಸಿಗುವುದಿಲ್ಲ. ಕೊನೆಗೆ ಕಕ್ಷಿದಾರ ವಕೀಲರಿಲ್ಲದೆ ತಾನೇ ಪಾರ್ಟಿ ಇನ್ ಪರ್ಸನ್ ಆಗಿ ನಿಲ್ಲುತ್ತಾನೆ, ಕಾನೂನಿನ ಭಾಷೆ ಗೊತ್ತಿಲ್ಲದೆ ಇನ್ನೂ ಕೆಟ್ಟದಾಗಿ ಬರೆಯುತ್ತಾನೆ.

ತಿರುಗೇಟು ಬಂದಾಗ: ನಿಂದನೆ ಕಾಯ್ದೆ ಗಂಟೆಗಂಟೆಗೆ ಹೇಗೆ ನಡೆಯುತ್ತದೆ

1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ವಕೀಲರು ಬಾಯಿಪಾಠ ಮಾಡಬೇಕಾದದ್ದು 14ನೇ ಕಲಂ. ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನ ಕಣ್ಣೆದುರೇ ನಿಂದನೆ ನಡೆಯಿತು ಎನಿಸಿದರೆ, ಅಲ್ಲೇ ವಶಕ್ಕೆ ತೆಗೆದುಕೊಳ್ಳಬಹುದು. ಅದೇ ದಿನ ಕೋರ್ಟ್ ಏಳುವ ಮೊದಲು ಅಥವಾ ಆದಷ್ಟು ಬೇಗ ಆರೋಪವನ್ನು ಬರವಣಿಗೆಯಲ್ಲಿ ತಿಳಿಸಬೇಕು, ರಕ್ಷಣೆಗೆ ಅವಕಾಶ ಕೊಡಬೇಕು, ಆಮೇಲೆ ತೀರ್ಮಾನ. ಮೊದಲು ಮಾಡಬೇಕಾದ ಕೆಲಸ, ಆರೋಪ ಬರವಣಿಗೆಯಲ್ಲಿ ಕೇಳುವುದು. “ಯಾವ ಮಾತು, ಯಾವ ಸಂದರ್ಭದಲ್ಲಿ” ಎಂದು ಕಾಗದದ ಮೇಲೆ ಬರುವ ತನಕ ಮಾತಾಡದಿರುವುದು ಲೇಸು. ಬಿಸಿಯಲ್ಲಿ ಆಡಿದ ಎರಡನೇ ಮಾತೇ ಎಷ್ಟೋ ಸಲ ಮೊದಲನೆಯದಕ್ಕಿಂತ ಭಾರವಾಗುತ್ತದೆ.

ಎರಡನೇ ಕೆಲಸ 14(2). ಯಾರ ಮುಂದೆ ಘಟನೆ ನಡೆಯಿತೋ ಅವರಲ್ಲದೆ ಬೇರೆ ನ್ಯಾಯಮೂರ್ತಿ ಇದನ್ನು ವಿಚಾರಣೆ ಮಾಡಲಿ ಎಂದು ಬಾಯಿಮಾತಿನಲ್ಲೇ ಕೇಳಬಹುದು, ಬರೆದೂ ಕೊಡಬಹುದು. ಬರೆದೇ ಕೊಡಿ. ಸಾಧ್ಯವಿದೆ, ನ್ಯಾಯಾಡಳಿತಕ್ಕೆ ಒಳ್ಳೆಯದು ಎಂದು ಕೋರ್ಟಿಗೆ ಅನಿಸಿದರೆ ವಿಷಯವನ್ನು ಸಂಗತಿಗಳ ಹೇಳಿಕೆಯೊಂದಿಗೆ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಬೇಕು. “ಅನಿಸಿದರೆ” ಎಂಬ ಪದದಲ್ಲೇ ದೋಷವಿದೆ. ಯಾರ ಮೇಲೆ ಪಕ್ಷಪಾತದ ಮಾತು ಬಂತೋ ಅವರಿಗೇ ‘ನಾನೇ ಶಿಕ್ಷಿಸಲೇ, ಬೇರೆಯವರಿಗೆ ಬಿಡಲೇ’ ಎಂಬ ಆಯ್ಕೆ. ಬೇರೆಯವರಿಗೆ ಹೋದರೂ 14(3) ಕಾದಿರುತ್ತದೆ: ಮೂಲ ನ್ಯಾಯಮೂರ್ತಿ ಸಾಕ್ಷಿಯಾಗಿ ಬರಬೇಕಾಗಿಲ್ಲ, ಅವರು ಬರೆದ ಹೇಳಿಕೆಯೇ ಸಾಕ್ಷ್ಯ. ಪಾಟಿ ಸವಾಲಿಗೆ ಅವಕಾಶವಿಲ್ಲ. ಹಾಗಾಗಿ ಕೋರ್ಟಿನಲ್ಲಿದ್ದ ಇತರ ವಕೀಲರ ಅಫಿಡವಿಟ್ಟುಗಳನ್ನು ಅದೇ ಸಂಜೆ ತಯಾರಿಸಬೇಕು. ವಾರ ಕಳೆದರೆ ಯಾರಿಗೂ ಏನೂ ನೆನಪಿರುವುದಿಲ್ಲ, ನೆನಪಿದ್ದವರಿಗೂ ಸಹಿ ಹಾಕಲು ಧೈರ್ಯವಿರುವುದಿಲ್ಲ.

ಕೋರ್ಟಿನ ಹೊರಗಿನ ಮಾತು, ಬರಹ, ಅರ್ಜಿಯಲ್ಲಿನ ವಾಕ್ಯಗಳಿಗೆ 15ನೇ ಕಲಂ. ಅಲ್ಲಿ ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳ ಪೀಠವೇ ಕೇಳಬೇಕು. ಕೆಳ ನ್ಯಾಯಾಲಯದ ವಿಷಯವಾದರೆ ಆ ನ್ಯಾಯಾಲಯ ಬರೆದು ಕಳಿಸಿದ ಮೇಲೆ ಅಥವಾ ಅಡ್ವೊಕೇಟ್ ಜನರಲ್ ಕೋರಿದ ಮೇಲೆ ಹೈಕೋರ್ಟ್ ಕೈಗೆತ್ತಿಕೊಳ್ಳುತ್ತದೆ. ಘಟನೆಯಾದ ಒಂದು ವರ್ಷದ ನಂತರ ಕ್ರಮ ಶುರು ಮಾಡುವಂತಿಲ್ಲ ಎಂದು 20ನೇ ಕಲಂ ಹೇಳುತ್ತದೆ. ಶಿಕ್ಷೆಯ ಮಿತಿ ಆರು ತಿಂಗಳ ಸಾದಾ ಸೆರೆ, 2,000 ರೂಪಾಯಿ ದಂಡ, ಅಥವಾ ಎರಡೂ. ಸತ್ಯವನ್ನು ರಕ್ಷಣೆಯಾಗಿ ಹೇಳಲು 2006ರ ತಿದ್ದುಪಡಿ ಅವಕಾಶ ಕೊಟ್ಟಿದೆ, ಸಾರ್ವಜನಿಕ ಹಿತ ಮತ್ತು ಸದುದ್ದೇಶ ಇದೆ ಎಂದು ಕೋರ್ಟಿಗೆ ಒಪ್ಪಿಗೆಯಾಗಬೇಕು. ಇಲ್ಲಿಯೂ ಕೀಲಿಕೈ ಕೋರ್ಟಿನ ಬಳಿಯೇ.

ಕ್ಷಮೆಯ ಬಗ್ಗೆ ಒಂದು ಮಾತು. ಸದುದ್ದೇಶದಿಂದ ಕೇಳಿದ ಕ್ಷಮೆಯನ್ನು ಷರತ್ತು ಇದೆ ಎಂಬ ಒಂದೇ ಕಾರಣಕ್ಕೆ ತಳ್ಳಬಾರದು ಎಂದು 12ನೇ ಕಲಮಿನ ವಿವರಣೆಯಲ್ಲೇ ಇದೆ. ಆದರೂ ಒಂದೇ ಅಫಿಡವಿಟ್ಟಿನ ಮೊದಲ ಹತ್ತು ಪ್ಯಾರಾದಲ್ಲಿ ಸಮರ್ಥನೆ, ಹನ್ನೊಂದನೆಯದರಲ್ಲಿ ಕ್ಷಮೆ ಎಂಬ ಪದ್ಧತಿ ಎರಡನ್ನೂ ಕೆಡಿಸುತ್ತದೆ. ಹೋರಾಡುವುದಾದರೆ ಪೂರ್ತಿ ಹೋರಾಡಬೇಕು, ಕೇಳುವುದಾದರೆ ಮೊದಲ ದಿನವೇ ಕೇಳಬೇಕು. ಆಧಾರ ಗಟ್ಟಿ ಇದ್ದವರು ಕ್ಷಮೆ ಕೇಳಲೇಬೇಕು ಎಂದು ನಾವು ಹೇಳುವುದಿಲ್ಲ.

ಸನದಿನ, ಅಂದರೆ ವಕೀಲಿ ಪರವಾನಗಿಯ, ಮೇಲಿನ ಕತ್ತಿ ಇದಕ್ಕಿಂತ ಹೆಚ್ಚು ಹೆದರಿಸುತ್ತದೆ. 1994ರಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರ ಜೊತೆ ನಡೆದ ಮಾತಿನ ಚಕಮಕಿಗೆ, ಆಗ ಭಾರತೀಯ ವಕೀಲರ ಪರಿಷತ್ತಿನ ಅಧ್ಯಕ್ಷರಾಗಿದ್ದ ವಿನಯ್ ಚಂದ್ರ ಮಿಶ್ರಾ ಅವರಿಗೆ ಸುಪ್ರೀಂ ಕೋರ್ಟ್ 1995ರಲ್ಲಿ ಆರು ವಾರದ ಸೆರೆ (ಜಾರಿಯನ್ನು ಅಮಾನತಿನಲ್ಲಿಟ್ಟು) ಮತ್ತು ಮೂರು ವರ್ಷ ವಕೀಲಿ ನಿಷೇಧ ವಿಧಿಸಿತು. 1998ರ ಏಪ್ರಿಲ್ 17ರಂದು ಐವರ ಪೀಠ ಅದನ್ನು ತಿದ್ದಿತು: ನಿಂದನೆಯ ಅಧಿಕಾರದಿಂದ ಸನದು ಕಿತ್ತುಕೊಳ್ಳುವಂತಿಲ್ಲ, ಅದು ವಕೀಲರ ಕಾಯ್ದೆಯಡಿ ಪರಿಷತ್ತಿನ ಕೆಲಸ. ಕಾಗದದ ಮೇಲೆ ದೊಡ್ಡ ರಕ್ಷಣೆ. ಆದರೆ ‘ಸನದು ಇರಲಿ, ನಮ್ಮ ಕೋರ್ಟಿನಲ್ಲಿ ಹಾಜರಾಗುವಂತಿಲ್ಲ’ ಎಂಬ ಇನ್ನೊಂದು ದಾರಿ ಉಳಿಯಿತು. 2019ರ ಮಾರ್ಚ್‌ನಲ್ಲಿ ವಕೀಲ ಮ್ಯಾಥ್ಯೂಸ್ ನೆಡುಂಪಾರ ಅವರನ್ನು ಅವರು ವಾದಿಸುತ್ತಿದ್ದ ಪೀಠವೇ ಅಪರಾಧಿ ಎಂದು ಘೋಷಿಸಿ, ಮೂರು ತಿಂಗಳ ಸೆರೆಯನ್ನು ಅಮಾನತಿನಲ್ಲಿಟ್ಟು, ಒಂದು ವರ್ಷ ಸುಪ್ರೀಂ ಕೋರ್ಟಿನಲ್ಲಿ ವಾದಿಸದಂತೆ ತಡೆಯಿತು. 2020ರ ಆಗಸ್ಟ್ 31ರಂದು ವಕೀಲ ಪ್ರಶಾಂತ್ ಭೂಷಣ್ ಅವರಿಗೆ ನಿಂದನೆಗಾಗಿ 1 ರೂಪಾಯಿ ದಂಡ ಎಂದು ಎಲ್ಲರಿಗೂ ನೆನಪಿದೆ. ಕಟ್ಟದಿದ್ದರೆ ಮೂರು ತಿಂಗಳ ಸೆರೆ ಮತ್ತು ಸುಪ್ರೀಂ ಕೋರ್ಟಿನಲ್ಲಿ ಮೂರು ವರ್ಷ ವಾದಿಸುವಂತಿಲ್ಲ ಎಂಬ ಎರಡನೇ ಭಾಗ ಮರೆತುಹೋಗಿದೆ.

ಮದ್ರಾಸ್ ಹೈಕೋರ್ಟ್ 2016ರಲ್ಲಿ ನಿಯಮವನ್ನೇ ತಂದಿತ್ತು. ನ್ಯಾಯಾಧೀಶರ ಮೇಲೆ ಆಧಾರವಿಲ್ಲದ ಆರೋಪವನ್ನು ಮೇಲಿನ ಕೋರ್ಟಿಗೆ ಕಳಿಸಿದರೂ ವಕೀಲರನ್ನು ಹಾಜರಾಗದಂತೆ ತಡೆಯಬಹುದು ಎಂದು 14-ಎ ನಿಯಮ ಹೇಳುತ್ತಿತ್ತು. ದೂರು ಕೊಡುವ ಸರಿಯಾದ ದಾರಿಯನ್ನೇ ತಪ್ಪು ಎಂದು ಹೆಸರಿಸಿದ ನಿಯಮ ಅದು. 2019ರ ಜನವರಿ 28ರಂದು ಆರ್. ಮುತ್ತುಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಈ ತೀರ್ಪಿನ ಪ್ರತಿ ಪ್ರತಿಯೊಂದು ವಕೀಲರ ಸಂಘದ ಗ್ರಂಥಾಲಯದಲ್ಲಿ ಇರಬೇಕು. 2021ರ ಜೂನ್‌ನಲ್ಲಿ ನ್ಯಾಯಾಧೀಶರ ವಿರುದ್ಧದ ಹೇಳಿಕೆಗಳನ್ನು ದುರ್ನಡತೆ ಎನ್ನುವ ನಿಯಮ ಪ್ರಕಟಿಸಿದ್ದು ವಕೀಲರ ಪರಿಷತ್ತೇ. ವಿರೋಧ ಬಂದ ಮೇಲೆ ತಡೆಹಿಡಿಯಿತು.

ಮೇಲ್ಮನವಿ: ಏಕಸದಸ್ಯ ಪೀಠದ ಶಿಕ್ಷೆಗೆ 30 ದಿನದೊಳಗೆ ವಿಭಾಗೀಯ ಪೀಠ, ವಿಭಾಗೀಯ ಪೀಠದ ಶಿಕ್ಷೆಗೆ 60 ದಿನದೊಳಗೆ ಸುಪ್ರೀಂ ಕೋರ್ಟ್. ಶಿಕ್ಷೆಯಾದರೆ ಮಾತ್ರ ಈ ಹಕ್ಕು, ಬರೀ ನೋಟಿಸಿಗೆ ಇಲ್ಲ. ಸುಪ್ರೀಂ ಕೋರ್ಟೇ ಶಿಕ್ಷಿಸಿದರೆ ಪುನರ್ವಿಮರ್ಶೆ ಬಿಟ್ಟು ಬೇರೆ ದಾರಿ ಇಲ್ಲದಂತೆಯೇ.

ಬೇರೆ ಕಡೆ ಹೇಗಿದೆ ಎಂದರೆ, ಸೈಪ್ರಸ್‌ನಲ್ಲಿ ಕೊಲೆ ಪ್ರಕರಣವೊಂದರ ಪಾಟಿ ಸವಾಲಿನ ಮಧ್ಯೆ ವಕೀಲ ಕಿಪ್ರಿಯಾನು ನ್ಯಾಯಾಧೀಶರ ಮೇಲೆ ಸಿಟ್ಟಾಗಿ ಮಾತಾಡಿದ್ದಕ್ಕೆ ಅದೇ ಪೀಠ ಸ್ಥಳದಲ್ಲೇ ಐದು ದಿನ ಜೈಲಿಗೆ ಕಳಿಸಿತು. ನೊಂದವರೇ ತೀರ್ಪುಗಾರರಾದರೆ ಅದು ನಿಷ್ಪಕ್ಷಪಾತ ನ್ಯಾಯಮಂಡಳಿಯಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠ 2005ರ ಡಿಸೆಂಬರ್ 15ರಂದು ಹೇಳಿತು. ಕೋರ್ಟಿನ ಗೌರವಕ್ಕೆ ಕುಂದು ತರುವುದು ಎಂಬ ನಿಂದನೆಯನ್ನು ಇಂಗ್ಲೆಂಡ್ 2013ರಲ್ಲಿ ಕೈಬಿಟ್ಟಿತು. ನಮ್ಮ ಕಾನೂನು ಆಯೋಗ 2018ರ ತನ್ನ 274ನೇ ವರದಿಯಲ್ಲಿ ಇಲ್ಲಿ ಅದು ಇರಲಿ ಎಂದಿತು. ಇಟ್ಟುಕೊಳ್ಳುವುದಾದರೂ ತೀರ್ಪುಗಾರರನ್ನು ಬದಲಿಸಲು ಏನು ಅಡ್ಡಿ ಎಂಬ ಪ್ರಶ್ನೆ ಉಳಿದೇ ಇದೆ.

ಕಾಗದದಲ್ಲಿ ಕಾಣದ ಪೆಟ್ಟು

ನೋಟಿಸು ಬಂದರೆ ಉತ್ತರ ಕೊಡಬಹುದು. ಆದೇಶದ ನಡುವೆ ವಕೀಲರ ನಡತೆಯ ಬಗ್ಗೆ ಎರಡು ಸಾಲು ಸೇರಿದರೆ ಅದು ಇಂಟರ್ನೆಟ್ಟಿನಲ್ಲಿ ಹೆಸರಿನ ಜೊತೆ ಶಾಶ್ವತವಾಗಿ ಕೂರುತ್ತದೆ. ಇದಕ್ಕೆ ಮದ್ದಿದೆ. 1964ರ ಮೊಹಮ್ಮದ್ ನಯೀಂ ತೀರ್ಪು ಮೂರು ಪ್ರಶ್ನೆ ಕೊಟ್ಟಿದೆ: ಆ ವ್ಯಕ್ತಿಗೆ ವಿವರಣೆಯ ಅವಕಾಶ ಇತ್ತೇ, ಟೀಕೆಗೆ ದಾಖಲೆಯಲ್ಲಿ ಆಧಾರ ಇದೆಯೇ, ಪ್ರಕರಣ ತೀರ್ಮಾನಿಸಲು ಆ ಟೀಕೆ ಬೇಕಿತ್ತೇ. 2021ರಲ್ಲಿ ಉತ್ತರಾಖಂಡದ ವಕೀಲರೊಬ್ಬರ ಬಗ್ಗೆ ಹೈಕೋರ್ಟ್ ಬರೆದ ಟೀಕೆಗಳನ್ನು ಇದೇ ಅಳತೆಯಿಂದ ಸುಪ್ರೀಂ ಕೋರ್ಟ್ ತೆಗೆದುಹಾಕಿತು, ಅವರ ಮಾತು ಕೇಳದೆ ಬರೆಯಲಾಗಿತ್ತು ಎಂಬ ಕಾರಣಕ್ಕೆ. ಮೊದಲು ಅದೇ ಕೋರ್ಟಿನಲ್ಲಿ ಟೀಕೆ ತೆಗೆಯುವಂತೆ ಅರ್ಜಿ ಹಾಕಿ, ಆಗದಿದ್ದರೆ ಮೇಲೆ ಹೋಗಿ. ಕಕ್ಷಿದಾರನ ಮೇಲ್ಮನವಿಯ ಜೊತೆ ಬೆರೆಸಬೇಡಿ, ಪ್ರತ್ಯೇಕ ಅರ್ಜಿ ಇರಲಿ.

ಹಿರಿಯ ವಕೀಲ ಪದವಿಯೂ ಈಗ ಪಣಕ್ಕೆ ಬಂದಿದೆ. ಗುಜರಾತ್ ಹೈಕೋರ್ಟ್ ವಕೀಲರ ಸಂಘದ ಅಧ್ಯಕ್ಷರಾಗಿದ್ದ ಯತಿನ್ ಓಝಾ, ಕೋರ್ಟಿನ ಕಚೇರಿಯಾದ ರಿಜಿಸ್ಟ್ರಿಯಲ್ಲಿ ಪ್ರಭಾವಿಗಳ ಪ್ರಕರಣಗಳಿಗೆ ಆದ್ಯತೆ ಸಿಗುತ್ತದೆ ಎಂದು ಕಟುವಾಗಿ ಆರೋಪಿಸಿದ್ದಕ್ಕೆ 2020ರ ಜುಲೈಯಲ್ಲಿ ಪದವಿ ಕಳೆದುಕೊಂಡರು. 2022ರ ಜನವರಿ 1ರಿಂದ ಎರಡು ವರ್ಷಕ್ಕೆ ಮಾತ್ರ ಎಂದು ಸುಪ್ರೀಂ ಕೋರ್ಟ್ ಅದನ್ನು ತಾತ್ಕಾಲಿಕವಾಗಿ ಮರಳಿಸಿತು. ಅವರ ಪದಬಳಕೆಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಆರೋಪದಲ್ಲಿ ಹುರುಳಿತ್ತೇ ಎಂಬುದಕ್ಕಿಂತ ಮಾತಿನ ಧಾಟಿಯ ಬಗ್ಗೆಯೇ ಹೆಚ್ಚು ಚರ್ಚೆಯಾಯಿತು. ಇಂಥ ಎಲ್ಲ ಪ್ರಕರಣಗಳಲ್ಲೂ ಆಗುವುದು ಇದೇ.

ದೂರಿನ ದಾರಿ

ಕೆಳ ನ್ಯಾಯಾಲಯದ ನ್ಯಾಯಾಧೀಶರ ಬಗ್ಗೆ ಹೈಕೋರ್ಟಿಗೆ ಸದುದ್ದೇಶದಿಂದ ಬರೆದರೆ ಅದು ನಿಂದನೆಯಲ್ಲ ಎಂದು ನಿಂದನೆ ಕಾಯ್ದೆಯ 6ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಇಡೀ ವ್ಯವಸ್ಥೆಯಲ್ಲಿ ವಕೀಲರಿಗೆ ಇರುವ ಅತ್ಯಂತ ಗಟ್ಟಿ ನೆಲ ಇದು, ಬಳಸುವವರು ಕಡಿಮೆ. ಕರ್ನಾಟಕದಲ್ಲಿ ಇಂಥ ದೂರು ಹೈಕೋರ್ಟಿನ ವಿಚಕ್ಷಣಾ ವಿಭಾಗಕ್ಕೆ ಹೋಗಬೇಕು. 2014ರ ಅಕ್ಟೋಬರ್‌ನ ಮಾರ್ಗಸೂಚಿಯ ಪ್ರಕಾರ ಪ್ರಮಾಣೀಕರಿಸಿದ ಅಫಿಡವಿಟ್ ಮತ್ತು ಪರಿಶೀಲಿಸಬಹುದಾದ ದಾಖಲೆ ಇಲ್ಲದಿದ್ದರೆ ದೂರನ್ನು ಕೈಗೆತ್ತಿಕೊಳ್ಳುವುದಿಲ್ಲ. ಪ್ರತಿಯನ್ನು ಪತ್ರಿಕೆಗೋ ವಾಟ್ಸ್ಆ್ಯಪ್ ಗುಂಪಿಗೋ ಕಳಿಸಿದ ಕ್ಷಣ 6ನೇ ಕಲಮಿನ ರಕ್ಷಣೆ ಕೈಜಾರುತ್ತದೆ, ಏಕೆಂದರೆ ಅದು ನಿರ್ದಿಷ್ಟ ನ್ಯಾಯಾಲಯಗಳಿಗೆ ಕೊಟ್ಟ ಹೇಳಿಕೆಗೆ ಮಾತ್ರ.

ಹೈಕೋರ್ಟ್ ನ್ಯಾಯಮೂರ್ತಿಗಳ ವಿಷಯದಲ್ಲಿ ಇಂಥ ಕಲಮೇ ಇಲ್ಲ. 1999ರಲ್ಲಿ ಒಪ್ಪಿದ ಆಂತರಿಕ ವಿಧಾನದಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ದೂರು ಕೊಡಬಹುದು, ಬೇಕೆನಿಸಿದರೆ ಮೂವರ ಸಮಿತಿ ವಿಚಾರಿಸುತ್ತದೆ. ದೂರು ಕೊಟ್ಟವರಿಗೆ ಮುಂದೇನಾಯಿತು ಎಂದು ತಿಳಿಸುವ ವ್ಯವಸ್ಥೆ ಇಲ್ಲ, ತಿರುಗೇಟಿನಿಂದ ರಕ್ಷಿಸುವ ಸಾಲೊಂದೂ ಇಲ್ಲ. ನೀರಲ್ಲಿದ್ದು ಮೊಸಳೆಯ ಜೊತೆ ಹಗೆ ಬೇಡ ಎಂದು ಹಿರಿಯರು ಜೂನಿಯರುಗಳಿಗೆ ಹೇಳುವ ಬುದ್ಧಿಮಾತಿಗೆ ಕಾರಣ ಇದೇ. 6ನೇ ಕಲಮಿನಲ್ಲಿರುವ “ಅಧೀನ” ಎಂಬ ಪದ ತೆಗೆದು, 14(2)ರಲ್ಲಿ ‘ಅನಿಸಿದರೆ’ ಎಂಬ ಆಯ್ಕೆಯನ್ನು ಕಡ್ಡಾಯವಾಗಿಸಿದರೆ ಈ ವಿಮರ್ಶೆಯ ಅಂಕ ಒಂದೂವರೆಯಿಂದ ಮೂರೂವರೆಗೆ ಏರಿಸಲು ನಾವು ಸಿದ್ಧ.

ಅಲ್ಲಿಯ ತನಕ ಸಹಿ ಹಾಕುವ ವಕೀಲರ ಕಡತದಲ್ಲಿ ಇಷ್ಟು ಇರಲಿ. ಕಕ್ಷಿದಾರ ಓದಿ ಅಥವಾ ಓದಿಸಿಕೊಂಡು ಸಹಿ ಮಾಡಿದ ಕನ್ನಡದ ಲಿಖಿತ ಸೂಚನೆ. ಅದು ಷರೀಫ್ ತೀರ್ಪಿನ ಮುಂದೆ ಒಂದೇ ಸಾಲದು, ಆದರೆ ಇರಲೇಬೇಕು. ಸಂಬಂಧಪಟ್ಟ ಎಲ್ಲ ದಿನಗಳ ಆರ್ಡರ್ ಶೀಟಿನ ದೃಢೀಕೃತ ನಕಲು. ನೀವಾಗಿಯೇ ಯಾವ ದಾಖಲೆ ನೋಡಿದಿರಿ, ಯಾರನ್ನು ವಿಚಾರಿಸಿದಿರಿ ಎಂಬ ತಾರೀಕುಸಹಿತ ಟಿಪ್ಪಣಿ, ಅರ್ಜಿ ಸಲ್ಲಿಸುವ ಮೊದಲೇ ಬರೆದದ್ದು. ಕೋರ್ಟಿನಲ್ಲಿ ಮೊಬೈಲಿನಲ್ಲಿ ಕದ್ದು ಮಾಡಿದ ರೆಕಾರ್ಡಿಂಗ್ ಬೇಡ, ಅದೇ ಪ್ರತ್ಯೇಕ ತಪ್ಪಾಗುತ್ತದೆ. ನೇರ ಪ್ರಸಾರವಾಗಿದ್ದರೆ ತಾರೀಕು, ಕೋರ್ಟ್ ಹಾಲ್ ಸಂಖ್ಯೆ, ಸಮಯ ಬರೆದಿಟ್ಟು ಅಧಿಕೃತ ಪ್ರತಿಗೆ ಅರ್ಜಿ ಹಾಕಿ. ಕರಡನ್ನು ಪ್ರಕರಣಕ್ಕೆ ಸಂಬಂಧವಿಲ್ಲದ ಒಬ್ಬ ವಕೀಲರಿಗೆ ಕೊಟ್ಟು ಓದಿಸಿ, ನ್ಯಾಯಾಧೀಶರ ವ್ಯಕ್ತಿತ್ವದ ಬಗ್ಗೆ ಇರುವ ಪ್ರತಿ ವಿಶೇಷಣವನ್ನೂ ಹೊಡೆದುಹಾಕಲು ಹೇಳಿ. ಹೊಡೆದ ಮೇಲೆ ಉಳಿದ ಸಂಗತಿಗಳು ಅರ್ಧ ಪುಟವೂ ತುಂಬದಿದ್ದರೆ ಆ ಅರ್ಜಿಗೆ ಸಹಿ ಹಾಕಬೇಡಿ.